2.6 ಮೀಟರಿನಲ್ಲಿ ಸಿಕ್ಕ ಹಳೆಯ ಕೆಸರು

ಇದು ಕಡಲತಳಕ್ಕೆ ಕೊಳವೆ ಇಳಿಸಿ ಎತ್ತಿದ ಒಂದು ಉದ್ದನೆಯ ಕೆಸರಿನ ಕಂಬದ, ಅಂದರೆ ಕೋರ್‌ನ ಪ್ರಕರಣ. ತಂಡ, ಹಡಗು, ಕಡಲು, ಯಾವುದರ ಹೆಸರೂ ಇಲ್ಲಿ ಬರುವುದಿಲ್ಲ. ಜಾಗದ ಗುರುತು ಸಿಗಬಾರದೆಂದು ಅಂಕಿಗಳನ್ನು ಹತ್ತಿರದ ಸಂಖ್ಯೆಗೆ ತಂದಿದ್ದೇನೆ. ಆ ತಂಡದಲ್ಲಿ ನಾನು ಕೆಸರಿನ ಕೆಲಸ ನೋಡಿಕೊಳ್ಳುತ್ತಿದ್ದೆ. ಕೋರ್ ಎಲ್ಲಿ ತೆಗೆಯಬೇಕು ಎನ್ನುವ ತೀರ್ಮಾನದಲ್ಲಿ ನನ್ನ ಪಾಲೂ ಇತ್ತು. ಸಮುದ್ರದ ಕೆಸರನ್ನು ಓದಲು ಹೊಸದಾಗಿ ಕಲಿಯುತ್ತಿರುವವರು ನಮ್ಮ ಹಾದಿಯನ್ನು ಒಮ್ಮೆ ನೋಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ನಮಗೆ ಬೇಕಿದ್ದದ್ದು ಕಳೆದ 30,000 ವರ್ಷಗಳ ಹವಾಮಾನದ ಕಥೆ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ತನ್ನ ಉತ್ತುಂಗ ಮುಟ್ಟಿತ್ತು. ಆಗ ಕಡಲಮಟ್ಟ ಇವತ್ತಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಲ್ಲಿಂದ ಈಚೆಗೆ ನೀರು ಹೇಗೆ ಬೆಚ್ಚಗಾಯಿತು, ನಡುವೆ ಎಲ್ಲಿ ಮತ್ತೆ ತಣ್ಣಗಾಯಿತು ಎಂದು ಹಂತ ಹಂತವಾಗಿ ನೋಡಬೇಕಿತ್ತು.

ಆ ಕಥೆಯನ್ನು ಹೇಳುವುದು ಫೊರಾಮಿನಿಫೆರಾ. ಚಿಕ್ಕದಾಗಿ ಫೊರಾಮ್ ಎನ್ನುತ್ತೇವೆ. ಮರಳಿನ ಕಣದಷ್ಟು ಸಣ್ಣ ಜೀವಿ, ಮೈಮೇಲೆ ಸುಣ್ಣದ ಚಿಪ್ಪು. ಹಗುರವಾದ ಆಮ್ಲಜನಕ 16 ಇರುವ ನೀರು ಬೇಗ ಆವಿಯಾಗುತ್ತದೆ, ಹಿಮವಾಗಿ ಬಿದ್ದು ನೆಲದ ಮೇಲೆಯೇ ಉಳಿದುಬಿಡುತ್ತದೆ. ಹಾಗಾಗಿ ಹಿಮಯುಗದ ಕಡಲಿನಲ್ಲಿ ಭಾರದ ಆಮ್ಲಜನಕ 18ರ ಪಾಲು ಜಾಸ್ತಿ. ನೀರು ತಣ್ಣಗಾದಾಗಲೂ ಚಿಪ್ಪಿನಲ್ಲಿ ಅದರ ಪಾಲು ಏರುತ್ತದೆ. ಈ ಗುರುತನ್ನು ಹಿಡಿದು ಚೆಸಾರೆ ಎಮಿಲಿಯಾನಿ 1955ರಲ್ಲಿ ಹಿಮಯುಗಗಳ ಏರಿಳಿತವನ್ನು ಕೆಸರಿನಲ್ಲಿ ಓದಿ ತೋರಿಸಿದರು. ಆ ಏರಿಳಿತದ ಬಹುಪಾಲು ನೆಲದ ಮೇಲಿನ ಹಿಮದ ಲೆಕ್ಕ ಎಂದು ನಿಕ್ ಶ್ಯಾಕಲ್ಟನ್ 1967ರಲ್ಲಿ ತಿದ್ದಿದರು. ಇವತ್ತಿಗೂ ನಾವು ನಡೆಯುವುದು ಇದೇ ದಾರಿಯಲ್ಲಿ.

ಎಲ್ಲ ಕಡಲತಳವೂ ಈ ಕೆಲಸಕ್ಕೆ ಬರುವುದಿಲ್ಲ. ಸಾಗರದ ನಡುವಿನ ಆಳದಲ್ಲಿ ಕೆಂಪು ಜೇಡಿ ಸಾವಿರ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಕೂಡುತ್ತದೆ. ಅಲ್ಲಿ 20,000 ವರ್ಷ ಅಂದರೆ ಎರಡು ಬೆರಳಿನ ದಪ್ಪಕ್ಕೂ ಕಡಿಮೆ. ಅಲ್ಲದೆ ನಾಲ್ಕೈದು ಕಿಲೋಮೀಟರ್ ಆಳಕ್ಕಿಂತ ಕೆಳಗೆ ಸುಣ್ಣದ ಚಿಪ್ಪುಗಳು ಕರಗಿಹೋಗುತ್ತವೆ. ಖಂಡದ ಅಂಚಿನ ಇಳಿಜಾರಿನಲ್ಲಿ ಮಾತ್ರ ಸಾವಿರ ವರ್ಷಕ್ಕೆ 10, 20 ಸೆಂಟಿಮೀಟರ್ ಕೆಸರು ಕೂಡುತ್ತದೆ. ಹೆಚ್ಚು ಕೆಸರಿದ್ದಲ್ಲಿ ಹೆಚ್ಚು ವಿವರ ಸಿಗುತ್ತದೆ ಅಲ್ವಾ, ಅದಕ್ಕೇ ಇಳಿಜಾರು ಆರಿಸಿಕೊಂಡೆವು. ಇಳಿಜಾರಿನ ಕೆಸರು ಜಾರುತ್ತದೆ ಎನ್ನುವುದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಗುರುತು ಕಾಣದೆ ಹೋದದ್ದು ಹೇಗೆ ಎನ್ನುವುದೇ ಈ ಪ್ರಕರಣ.

ನಕ್ಷೆ ಮಾಡಿದ ಎರಡು ರಾತ್ರಿ

ಕೋರ್ ತೆಗೆಯುವ ಮೊದಲು ಎರಡು ರಾತ್ರಿ ಆ ಜಾಗದ ನಕ್ಷೆ ಮಾಡಿದೆವು. ಮಲ್ಟಿಬೀಮ್ ಸೋನಾರ್ ಹಡಗಿನ ಅಡಿಯಿಂದ ಬೀಸಣಿಗೆಯಂತೆ ಸದ್ದನ್ನು ಬಿಡುತ್ತದೆ. ತಳಕ್ಕೆ ತಾಗಿ ವಾಪಸ್ ಬರುವ ಹೊತ್ತಿನಿಂದ ಆಳದ ಲೆಕ್ಕ. ನಮ್ಮ ಜಾಗದ ಆಳ ಸುಮಾರು 1,400 ಮೀಟರ್. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹೋಗಿ ಬರಲು ಎರಡು ಸೆಕೆಂಡಿಗೆ ಸ್ವಲ್ಪ ಕಡಿಮೆ ಸಾಕು.

ಆದರೆ ಆ ವೇಗ ಎಲ್ಲ ಕಡೆ ಒಂದೇ ಇರುವುದಿಲ್ಲ. ನೀರಿನ ಬಿಸಿ, ಉಪ್ಪು, ಒತ್ತಡ ಬದಲಾದರೆ ಅದೂ ಬದಲಾಗುತ್ತದೆ. ನೇರ ಕೆಳಗೆ ಹೋಗುವ ಸದ್ದಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಓರೆಯಾಗಿ ಹೋಗುವ ಅಂಚಿನ ಕಿರಣಗಳು ಮಾತ್ರ ದಾರಿಯಲ್ಲಿ ಬಾಗುತ್ತವೆ. ಅದಕ್ಕಾಗಿ ಈ ಮೂರನ್ನೂ ಅಳೆಯುವ ಸಿಟಿಡಿ ಉಪಕರಣವನ್ನು ಆಗಾಗ ನೀರಿಗಿಳಿಸಿ, ಆ ಲೆಕ್ಕವನ್ನು ಸೋನಾರಿಗೆ ಕೊಡಬೇಕು.

ಎರಡನೇ ರಾತ್ರಿ ಕಡಲು ಒರಟಾಗಿತ್ತು. ಡೆಕ್ ಮೇಲೆ ನಿಂತು ಸಿಟಿಡಿ ಇಳಿಸುವುದು ಅಪಾಯ ಎಂದರು. ಅದು ಸರಿಯಾದ ಮಾತು. ಹಿಂದಿನ ಮಧ್ಯಾಹ್ನದ ಅಳತೆಯನ್ನೇ ಇಟ್ಟುಕೊಂಡು ಎಂಟು ಗಂಟೆ ನಕ್ಷೆ ಮಾಡಿದೆವು. ಹಡಗು ಒಮ್ಮೆ ಸಾಗಿದಾಗ ಅಳತೆಯಾಗುವ ಪ್ರತಿ ಪಟ್ಟಿಯ ಎರಡೂ ಅಂಚು ಮೇಲಕ್ಕೆ ಬಾಗಿದಂತೆ ಬಂತು. ಆ ಬಾಗುವಿಕೆ ನಿಜವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಫಿಲ್ಟರನ್ನು ಬಿಗಿ ಮಾಡಿ, ಅಂಚಿನ ಅಳತೆಗಳಲ್ಲಿ ಹೊಂದದವನ್ನು ತೆಗೆದುಹಾಕಿ, ಒಂದೊಂದು ಚೌಕ 100 ಮೀಟರ್ ಇರುವ ನಕ್ಷೆ ಮಾಡಿದೆವು. ನುಣುಪಾದ, ಚಂದದ ನಕ್ಷೆ. ನೋಡಿ ಖುಷಿಪಟ್ಟೆವು.

ಜೊತೆಗೆ ಸಬ್‌ಬಾಟಮ್ ಪ್ರೊಫೈಲರ್ ಓಡುತ್ತಿತ್ತು. ಅದರ 3.5 ಕಿಲೋಹರ್ಟ್ಸ್ ಸದ್ದು ಮೆತ್ತನೆಯ ಕೆಸರಿನೊಳಗೆ ಹತ್ತಾರು ಮೀಟರ್ ಇಳಿದು ಪದರಗಳನ್ನು ತೋರಿಸುತ್ತದೆ. ಹಡಗು ಸಾಗಿದ ಗೆರೆಯುದ್ದಕ್ಕೂ ಪದರಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿದ್ದವು. ಅಲುಗಾಡದ ಕೆಸರು ಇರುವುದೇ ಹಾಗೆ.

ಕೋರ್ ತೆಗೆಯುವ ಕೊಳವೆ ಇಳಿಸುವ ಹೊತ್ತಿಗೆ ಗಾಳಿಗೆ ಹಡಗು ಆ ಗೆರೆಯಿಂದ 600 ಮೀಟರ್ ಸರಿದಿತ್ತು. ವಾಪಸ್ ಹೋಗಿ ನಿಲ್ಲಲು ಇನ್ನೂ ಒಂದು ಗಂಟೆ ಬೇಕು. ಹಡಗಿನ ಸಮಯ ಮುಗಿಯುತ್ತಾ ಬಂದಿತ್ತು. ನಕ್ಷೆ ನುಣುಪಾಗಿದೆ, 600 ಮೀಟರಿನಲ್ಲಿ ಏನು ಬದಲಾಗುತ್ತದೆ ಎಂದುಕೊಂಡು ಅಲ್ಲೇ ಇಳಿಸಿದೆವು. ಹೂಂ ಎಂದವರಲ್ಲಿ ನಾನೂ ಇದ್ದೆ.

6.8 ಮೀಟರ್ ಉದ್ದದ ಕೋರ್ ಬಂತು. ಒಂದೊಂದು ಮೀಟರಿನ ತುಂಡು ಮಾಡಿ ಉದ್ದಕ್ಕೆ ಸೀಳಿದೆವು. ಒಂದು ಅರ್ಧ ಕೆಲಸಕ್ಕೆ. ಇನ್ನೊಂದು ಅರ್ಧವನ್ನು ಮುಟ್ಟದೆ ಸುತ್ತಿ ಶೀತಕೋಣೆಗೆ ಕಳಿಸಿದೆವು. ಕಣ್ಣಿಗೆ ಕಾಣುವಂತೆ ಎಲ್ಲವೂ ಬೂದು ಹಸಿರು ಕೆಸರು. ನಡುವೆ ಎಲ್ಲೋ ಸ್ವಲ್ಪ ಬಣ್ಣ ಬದಲಾದಂತಿತ್ತು, ಅಷ್ಟೇ.

ಹೊಂದದ ವಯಸ್ಸು

ಮೊದಲ ಕಂತಿನಲ್ಲಿ ಐದು ಕಡೆಯಿಂದ ಫೊರಾಮ್ ಆರಿಸಿ, ಚಿಪ್ಪಿನಲ್ಲಿ ಕಾರ್ಬನ್ 14 ಎಷ್ಟು ಉಳಿದಿದೆ ಎಂದು ನೋಡಿ ಹೇಳುವ ರೇಡಿಯೋಕಾರ್ಬನ್ ವಯಸ್ಸಿಗೆ ಕಳಿಸಿದೆವು. ಕಡಲ ನೀರಿನ ಕಾರ್ಬನ್ ಗಾಳಿಯದಕ್ಕಿಂತ ಕೆಲವು ನೂರು ವರ್ಷ ಹಳೆಯದಾಗಿ ಕಾಣುತ್ತದೆ. ಅದನ್ನು ಕಳೆದ ಮೇಲೆ ಬಂದ ವಯಸ್ಸುಗಳು ಹೀಗಿದ್ದವು. ಅರ್ಧ ಮೀಟರಿನಲ್ಲಿ 2,500 ವರ್ಷ. ಒಂದೂವರೆ ಮೀಟರಿನಲ್ಲಿ 7,500. 2.6 ಮೀಟರಿನಲ್ಲಿ 27,000. 4.2 ಮೀಟರಿನಲ್ಲಿ 13,000. 6.5 ಮೀಟರಿನಲ್ಲಿ 24,500.

ಮೂರನೆಯದು ಎದ್ದು ಕಾಣುತ್ತದೆ. 27,000 ವರ್ಷದ ಕೆಸರು 13,000 ವರ್ಷದ್ದರ ಮೇಲೆ ಕೂತಿದೆ.

ಸಭೆಯಲ್ಲಿ ಬಂದ ಮೊದಲ ಮಾತು, ಐದರಲ್ಲಿ ಒಂದು ಕೆಟ್ಟಿದೆ, ಅದನ್ನು ಬಿಡಿ ಎಂದು. ಸಮ್ಮೇಳನಕ್ಕೆ ಸಾರಾಂಶ ಕಳಿಸುವ ಗಡುವು ಹತ್ತಿರವಿತ್ತು. ನನಗೂ ಬಿಟ್ಟರೆ ಆಗುತ್ತದೆ ಅನ್ನಿಸಿತ್ತು. ಬಿಟ್ಟ ಮೇಲೆ ಏನಾಯಿತು ನೋಡಿ. ಉಳಿದ ನಾಲ್ಕು ವಯಸ್ಸುಗಳು ಸರಾಗವಾಗಿ ಒಂದು ಗೆರೆಯ ಮೇಲೆ ಬಂದವು. ಒಂದೂವರೆ ಮೀಟರಿನಿಂದ 4.2 ಮೀಟರಿನ ನಡುವೆ ಮಾತ್ರ ಸಾವಿರ ವರ್ಷಕ್ಕೆ 49 ಸೆಂಟಿಮೀಟರ್ ಕೆಸರು ಕೂಡಿದಂತಾಯಿತು. ಬೇರೆ ಕಡೆ 20. ಇದಕ್ಕೆ ಕಾರಣ ಹುಡುಕುವುದೇನೂ ಕಷ್ಟವಾಗಲಿಲ್ಲ. ಹಿಮಯುಗ ಮುಗಿಯಿತು, ಮಳೆ ಹೆಚ್ಚಾಯಿತು, ನದಿಗಳು ಜಾಸ್ತಿ ಹೂಳು ತಂದವು. ಕೇಳಲು ಸರಿಯಾಗೇ ಇತ್ತು.

ಅಷ್ಟರಲ್ಲಿ ಆಮ್ಲಜನಕದ ಅಳತೆಗಳೂ ಬಂದವು. 2.4ರಿಂದ 3.9 ಮೀಟರಿನವರೆಗೆ ಆಮ್ಲಜನಕ 18 ಎದ್ದು ಕಾಣುವಷ್ಟು ಏರಿತ್ತು. ಅಂದರೆ ಚಳಿ. ನಾವು ಹಾಕಿದ ವಯಸ್ಸಿನ ಗೆರೆಯ ಪ್ರಕಾರ ಇದು 12,400ರಿಂದ 9,300 ವರ್ಷಗಳ ಹಿಂದಿನ ಅವಧಿ. ಹಿಮಯುಗ ಮುಗಿಯುತ್ತಿದ್ದಾಗ, ಸುಮಾರು 12,900ರಿಂದ 11,700 ವರ್ಷಗಳ ಹಿಂದೆ, ಉತ್ತರಾರ್ಧಗೋಳದಲ್ಲಿ ಚಳಿ ಮತ್ತೆ ಮರಳಿತ್ತು. ಅದನ್ನು ಯಂಗರ್ ಡ್ರಯಾಸ್ ಎನ್ನುತ್ತಾರೆ. ನಮ್ಮ ಕೋರ್‌ನಲ್ಲೂ ಅದೇ ಸಿಕ್ಕಿತು ಎಂದು ಎಲ್ಲರಿಗೂ ಸಂಭ್ರಮ.

ಈ ಘಟ್ಟವನ್ನು ನಾನು ತುಂಬ ಸಲ ಮತ್ತೆ ನೆನೆಸಿಕೊಂಡಿದ್ದೇನೆ. ನಮ್ಮ ಕೈಯಲ್ಲಿ ಎರಡು ಬೇರೆ ಬೇರೆ ಸಾಕ್ಷಿ ಇವೆ ಎಂದುಕೊಂಡಿದ್ದೆವು, ಕೆಸರು ಕೂಡಿದ ವೇಗ ಒಂದು, ಆಮ್ಲಜನಕ ಇನ್ನೊಂದು. ನಿಜಕ್ಕೂ ಎರಡೂ ನಿಂತದ್ದು ಒಂದೇ ಕಾಲಿನ ಮೇಲೆ. ಆ ಮೂರನೇ ವಯಸ್ಸನ್ನು ಬಿಟ್ಟಿದ್ದೇವಲ್ಲ, ಅದರ ಮೇಲೆ. ಚಳಿ ಮೂರು ಸಾವಿರ ವರ್ಷ ಯಾಕೆ ಎಳೆಯಿತು, ಬೇರೆಲ್ಲ ಕಡೆ ಮುಗಿದು ಎರಡು ಸಾವಿರ ವರ್ಷವಾದರೂ ಇಲ್ಲಿ ಯಾಕೆ ಉಳಿಯಿತು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಅಡ್ಡ ಬಂದ ಪ್ರಶ್ನೆಗಳು

ಪ್ರಶ್ನೆ ಮೊದಲು ಬಂದದ್ದು ವಯಸ್ಸು ಅಳೆದ ಲ್ಯಾಬಿನಿಂದ. ಕೆಟ್ಟಿದೆ ಅಂತೀರಿ, ಹೇಗೆ ಕೆಟ್ಟಿತು ಹೇಳಿ ಎಂದರು. ಹೊಸ ಕಾರ್ಬನ್ ಸೇರಿದರೆ ವಯಸ್ಸು ಕಡಿಮೆಯಾಗಬೇಕು, ಹೆಚ್ಚಾಗುವುದಿಲ್ಲ. ಹೆಚ್ಚಾಗಬೇಕಾದರೆ ವಿಕಿರಣ ಪೂರ್ತಿ ಕಳೆದುಹೋದ ಹಳೆಯ ಕಾರ್ಬನ್ ಸೇರಬೇಕು. ಎಷ್ಟು ಸೇರಬೇಕು? ಕಾರ್ಬನ್ 14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಸುಮಾರು 10,000 ವರ್ಷದ ಚಿಪ್ಪು 27,000 ವರ್ಷದ್ದಾಗಿ ಕಾಣಬೇಕಾದರೆ ಹತ್ತರಲ್ಲಿ ಎಂಟು ಪಾಲಿಗಿಂತ ಜಾಸ್ತಿ ಹಳೆಯ ಕಾರ್ಬನ್ ಇರಬೇಕು. ಅದು ಕಲಬೆರಕೆ ಅಲ್ಲ, ಮಾದರಿಯೇ ಹಳೆಯದು. ಅದೇ ಆಳದಿಂದ ಇನ್ನೊಂದು ಮಾದರಿ ಕಳಿಸಿದೆವು. 26,800 ಎಂದು ಬಂತು.

ಹುಳುಗಳು ಕೆಸರನ್ನು ಕಲಕುತ್ತವೆ ಎನ್ನುವ ವಾದವೂ ಬಂತು. ಕಲಕುವುದು ನಿಜ, ಆದರೆ ಬಹುಪಾಲು ಮೇಲಿನ ಹತ್ತು ಸೆಂಟಿಮೀಟರಿನಷ್ಟು ಮಾತ್ರ. ನಮ್ಮ ಕೋರ್‌ನ ತಳದಲ್ಲೇ 27,000 ವರ್ಷದ ಕೆಸರಿಲ್ಲ. ಇಲ್ಲದ್ದನ್ನು ಹುಳು ನಾಲ್ಕು ಮೀಟರ್ ಮೇಲಕ್ಕೆ ಹೇಗೆ ತರುತ್ತದೆ?

ದಿಕ್ಕು ಬದಲಿಸಿದ್ದು ಫೊರಾಮ್ ಎಣಿಸುತ್ತಿದ್ದ ವಿದ್ಯಾರ್ಥಿನಿ. ನಾವು ಅವರಿಗೆ ಹೇಳಿದ್ದು ಗ್ಲೋಬಿಜೆರಿನಾಯ್ಡಿಸ್ ರೂಬರ್ ಎನ್ನುವ, ನೀರಿನ ಮೇಲ್ಭಾಗದಲ್ಲಿ ತೇಲುವ ಜಾತಿಯನ್ನು ಮಾತ್ರ ಆರಿಸಿ ಎಂದು. ಉಳಿದವನ್ನು ಪಕ್ಕಕ್ಕೆ ಸರಿಸಿದರೆ ಸಾಕಿತ್ತು. ಅವರು ಸುಮ್ನೆ ಸರಿಸಲಿಲ್ಲ, ಬೇರೆ ತಟ್ಟೆಯಲ್ಲಿ ಎತ್ತಿಟ್ಟಿದ್ದರು. ಒಂದು ದಿನ ನನ್ನನ್ನು ಕರೆದು, "ಸರ್, ಇದನ್ನು ಸ್ವಲ್ಪ ನೋಡಿ" ಎಂದರು. ಸೂಕ್ಷ್ಮದರ್ಶಕದ ಅಡಿಯಲ್ಲಿ ಎಲ್ಫಿಡಿಯಮ್ ಇತ್ತು. ಆಳವಿಲ್ಲದ ಕಡಲಿನ ತಳದಲ್ಲಿ ಬದುಕುವ ಫೊರಾಮ್ ಅದು. 1,400 ಮೀಟರ್ ಕೆಳಗೆ ಅದಕ್ಕೇನು ಕೆಲಸ? ಚಿಪ್ಪುಗಳ ಅಂಚು ಮುರಿದಿತ್ತು, ಉಜ್ಜಿದಂತಿತ್ತು. ಮೇಲೆ ಕೆಳಗೆ ಹುಡುಕಿದೆವು. 2.4 ಮೀಟರಿಗಿಂತ ಮೇಲೆ ಒಂದೂ ಇಲ್ಲ. 3.9 ಮೀಟರಿಗಿಂತ ಕೆಳಗೆ ಒಂದೂ ಇಲ್ಲ.

ನಮ್ಮ ಚಳಿಗಾಲ ಶುರುವಾಗಿ ಮುಗಿದದ್ದೂ ಸರಿಯಾಗಿ ಅಲ್ಲೇ.

ಅವತ್ತೇ ಶೀತಕೋಣೆಯಲ್ಲಿ ಇಟ್ಟಿದ್ದ ಅರ್ಧವನ್ನು ಹೊರಗೆ ತರಿಸಿ ಸಿಟಿ ಸ್ಕ್ಯಾನ್ ಮಾಡಿಸಲು ಬರೆದೆವು. ಬರಿಗಣ್ಣಿಗೆ ಒಂದೇ ಬಣ್ಣವಾಗಿದ್ದ ಕೆಸರು ಸ್ಕ್ಯಾನಿನಲ್ಲಿ ಬೇರೆಯೇ ಆಗಿ ಕಂಡಿತು. ಮೇಲೆ ಮಲಗಿದ ಪದರಗಳು, ಕೆಳಗೆ ಮಲಗಿದ ಪದರಗಳು. ನಡುವಿನ ಒಂದೂವರೆ ಮೀಟರಿನಲ್ಲಿ ಮುದ್ದೆ ಮುದ್ದೆ ಕೆಸರು, ಮಡಚಿದ, ಓರೆಯಾದ ಪದರಗಳ ತುಂಡುಗಳು. ಅಡಿಯಲ್ಲಿ ಚಾಕುವಿನಿಂದ ಕೊಯ್ದಂತಹ ಗೆರೆ, ಅದರ ಮೇಲೆ ತೆಳುವಾಗಿ ಮರಳು. ಮುದ್ದೆಯ ಮೇಲ್ತುದಿಯಲ್ಲಿ, ಕೆಳಗೆ ಒರಟು, ಮೇಲೆ ಮೇಲೆ ನುಣುಪಾಗುತ್ತಾ ಹೋದ ಒಂದು ಪದರ. ಕಲಕಿದ ಕೆಸರು ನಿಧಾನವಾಗಿ ಕೂತಾಗ ಆಗುವಂಥದ್ದು. ಇನ್ನೂ ನಾಲ್ಕು ವಯಸ್ಸು ತೆಗೆಸಿದೆವು. ಮುದ್ದೆಯ ಮೇಲೆ 11,500, ಕೆಳಗೆ 12,000. ಮುದ್ದೆಯ ಒಳಗೆ ಒಂದು ಕಡೆ 31,000, ಇನ್ನೊಂದು ಕಡೆ 19,000. ಎಲ್ಲ ಕಲಸಿಹೋಗಿತ್ತು.

ಇಳಿಜಾರಿನ ಮೇಲಿನಿಂದ ಹಿಮಯುಗದ ಕೆಸರು ಕುಸಿದು ಇಲ್ಲಿಗೆ ಬಂದು ಬಿದ್ದಿತ್ತು. ನಾವು ನೋಡಿದ ಚಳಿ ನಿಜವಾದದ್ದೇ, ಹಿಮಯುಗದ್ದೇ. ಬೇರೆ ಕಾಲದ್ದು, ಬೇರೆ ಜಾಗದ್ದು.

ಮತ್ತೆ ನಕ್ಷೆಯ ಹತ್ತಿರ

ಕೆಸರು ಕುಸಿದಿದ್ದರೆ ಮೇಲೆ ಅದರ ಗುರುತು ಇರಬೇಕಲ್ಲ. ನಕ್ಷೆಯಲ್ಲಿ ಇರಲಿಲ್ಲ.

ಇಲ್ಲಿ ತಂಡ ಎರಡು ಭಾಗವಾಯಿತು. ನಕ್ಷೆಯಲ್ಲಿ ಕಾಣದ್ದನ್ನು ಹೇಗೆ ಇದೆ ಎನ್ನುತ್ತೀರಿ ಎಂದು ಒಂದು ಕಡೆ. ಕೆಸರು ಕಣ್ಣೆದುರಿಗೇ ಇದೆ ಎಂದು ಇನ್ನೊಂದು ಕಡೆ. ಹಿರಿಯರೊಬ್ಬರು ಮೇರಿ ಥಾರ್ಪ್ ಅವರ ಮಾತು ತೆಗೆದರು. 1952ರ ಸುಮಾರಿಗೆ ಥಾರ್ಪ್ ಅಟ್ಲಾಂಟಿಕ್‌ನ ಆಳದ ಅಳತೆಗಳನ್ನು ಕೈಯಲ್ಲಿ ಬಿಡಿಸುತ್ತಾ ನಡುವಿನ ಬೆಟ್ಟಸಾಲಿನ ನೆತ್ತಿಯಲ್ಲಿ ಒಂದು ಕಣಿವೆ ಕಂಡಿದ್ದರು. ಜೊತೆಗಿದ್ದ ಬ್ರೂಸ್ ಹೀಜನ್ ಮೊದಲು ಒಪ್ಪಲಿಲ್ಲ. ಪಕ್ಕದ ಮೇಜಿನಲ್ಲಿ ಹೋವರ್ಡ್ ಫಾಸ್ಟರ್ ಎನ್ನುವವರು ಅದೇ ಅಳತೆಯ ಹಾಳೆಯಲ್ಲಿ ಭೂಕಂಪಗಳ ಜಾಗ ಗುರುತಿಸುತ್ತಿದ್ದರು. ಎರಡು ಹಾಳೆಗಳನ್ನು ಬೆಳಕಿನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟಾಗ ಭೂಕಂಪಗಳು ಆ ಕಣಿವೆಯಲ್ಲೇ ಸಾಲಾಗಿ ನಿಂತವು. ನಾವೂ ಕೆಸರಿನ ಹಾಳೆ, ನಕ್ಷೆಯ ಹಾಳೆ ಎರಡನ್ನೂ ಒಟ್ಟಿಗೆ ಇಡೋಣ, ಆದರೆ ನುಣುಪು ಮಾಡಿದ ನಕ್ಷೆ ಬೇಡ, ಕಚ್ಚಾ ಅಳತೆ ತೆಗೆಯಿರಿ ಎಂದರು.

ಕಚ್ಚಾ ಅಳತೆಗಳನ್ನು ಯಾರೂ ಅಳಿಸಿರಲಿಲ್ಲ. ನಮ್ಮ ಪುಣ್ಯ. ಆ ಎಂಟು ಗಂಟೆಗಳಿಗೆ, ಮರುದಿನ ಬೆಳಿಗ್ಗೆ ಇಳಿಸಿದ್ದ ಸಿಟಿಡಿಯ ಲೆಕ್ಕ ಕೊಟ್ಟು ಮತ್ತೆ ಮಾಡಿದರು. ಅಂಚಿನ ಬಾಗುವಿಕೆ ಬಹುಪಾಲು ಇಳಿಯಿತು. ಫಿಲ್ಟರ್ ಸಡಿಲಿಸಿ, 30 ಮೀಟರ್ ಚೌಕದಲ್ಲಿ ಬಿಡಿಸಿದರು. ಕೋರ್ ಜಾಗದಿಂದ ಇಳಿಜಾರಿನ ಮೇಲಕ್ಕೆ, ಎರಡು ಪಟ್ಟಿಗಳು ಸೇರುವ ಕಡೆ, ಕುದುರೆ ಲಾಳದ ಆಕಾರದ ಕಡಿದಾದ ಅಂಚು ಎದ್ದು ಬಂತು. ಅಗಲ ಸುಮಾರು ಎರಡು ಕಿಲೋಮೀಟರ್, ಎತ್ತರ ಸುಮಾರು 15 ಮೀಟರ್. ಫಿಲ್ಟರ್ ದೋಷವೆಂದು ಕಿತ್ತುಹಾಕಿದ ಬಿಂದುಗಳಲ್ಲಿ ಬಹಳಷ್ಟು ಆ ಅಂಚಿನ ಮೇಲಿನವೇ ಆಗಿದ್ದವು. ಪ್ರೊಫೈಲರ್ ಗೆರೆಯನ್ನೂ ಮತ್ತೆ ನೋಡಿದೆವು. ಅಲ್ಲಿ ಒಂದು ಕಡೆ ಪದರಗಳ ನಡುವೆ ಬೆಣೆಯಂತೆ ತೆಳುವಾದ, ಒಳಗೆ ಗೆರೆಗಳಿಲ್ಲದ ಖಾಲಿ ಭಾಗವಿತ್ತು. ಕುಸಿದ ಮುದ್ದೆಯ ಕೊನೆಯ ಅಂಚು ಅದು. 600 ಮೀಟರ್ ಆಚೆ, ನಾವು ಕೋರ್ ತೆಗೆದಲ್ಲಿ, ಅದೇ ಒಂದೂವರೆ ಮೀಟರ್ ದಪ್ಪವಾಗಿತ್ತು.

ಇಂಥ ಅಂಚು ಉಪಗ್ರಹದ ನಕ್ಷೆಯಲ್ಲಿ ಸಿಗುವುದಿಲ್ಲ. ಜಗತ್ತಿನ ಕಡಲತಳದಲ್ಲಿ ಸೋನಾರಿನಿಂದ ಅಳೆದಿರುವುದು ನಾಲ್ಕನೇ ಒಂದು ಪಾಲಿನಷ್ಟು. ಉಳಿದದ್ದು ಬಹುಪಾಲು ನೀರಿನ ಮೇಲ್ಮೈಯ ಏರುತಗ್ಗನ್ನು ಉಪಗ್ರಹದಿಂದ ಅಳೆದು, ಅದರಿಂದ ಊಹಿಸಿದ್ದು. ಅದರಲ್ಲಿ ಕೆಲವು ಕಿಲೋಮೀಟರಿಗಿಂತ ಸಣ್ಣದು ಕಾಣುವುದಿಲ್ಲ. ನಮಗೆ ಹಡಗೇ ಇತ್ತು, ಸೋನಾರೇ ಇತ್ತು. ಕಂಡದ್ದನ್ನು ನಾವೇ ಅಳಿಸಿದ್ದೆವು.

ಎರಡನೇ ಕೋರ್

ಸುಮಾರು ಒಂದೂವರೆ ವರ್ಷದ ಮೇಲೆ ಮತ್ತೆ ಹಡಗು ಸಿಕ್ಕಿತು. ಹೊಸ ನಕ್ಷೆಯಲ್ಲಿ ಒಂಬತ್ತು ಕಿಲೋಮೀಟರ್ ಆಚೆ, ಸುತ್ತಲಿಗಿಂತ 60 ಮೀಟರ್ ಎತ್ತರದ ಒಂದು ದಿಬ್ಬ ಇತ್ತು. ಕುಸಿದ ಕೆಸರು ಹತ್ತಲಾರದ ಎತ್ತರ. ಆದರೆ ಅಲ್ಲಿ ಕೆಸರು ಕೂಡುವುದೂ ನಿಧಾನ, ಸಾವಿರ ವರ್ಷಕ್ಕೆ 15 ಸೆಂಟಿಮೀಟರ್. ಸ್ವಲ್ಪ ವಿವರ ಕಳೆದುಕೊಂಡರೂ ಪರವಾಗಿಲ್ಲ ಎಂದು ತೀರ್ಮಾನ ಮಾಡಿದೆವು. ಪ್ರೊಫೈಲರ್ ಗೆರೆಯ ಮೇಲೆಯೇ ನಿಂತು ಕೋರ್ ತೆಗೆದೆವು.

7.2 ಮೀಟರ್ ಬಂತು. ಸೀಳುವ ಮೊದಲೇ ಸ್ಕ್ಯಾನ್ ಮಾಡಿಸಿದೆವು. ವಯಸ್ಸುಗಳು ಒಂದರ ಕೆಳಗೊಂದು ಕ್ರಮವಾಗಿ ಇಳಿದವು. ತಳದಲ್ಲಿ ಸುಮಾರು 48,000 ವರ್ಷ. ರೇಡಿಯೋಕಾರ್ಬನ್ ಮುಟ್ಟಬಲ್ಲ ಗಡಿಯ ಹತ್ತಿರ. ಯಂಗರ್ ಡ್ರಯಾಸ್ ಇಲ್ಲಿ ನಿಜವಾಗಿಯೂ ಇತ್ತು. ಆದರೆ 18 ಸೆಂಟಿಮೀಟರಿನ ಸಣ್ಣ ಅಲುಗಾಟ. ಮೊದಲ ಕೋರ್‌ನಲ್ಲಿ ಕಂಡ ಏರಿಕೆಯ ಮೂರನೇ ಒಂದು ಪಾಲೂ ಇಲ್ಲ.

ನನಗೆ ತುಂಬ ಸಂತೋಷ ಕೊಟ್ಟದ್ದು ಇನ್ನೊಂದು. 1.75 ಮೀಟರಿನಲ್ಲಿ ಎರಡು ಸೆಂಟಿಮೀಟರ್ ದಪ್ಪದ, ತೀರ ನುಣುಪಾದ ಹೂಳಿನ ಪದರ. ಅದರ ವಯಸ್ಸು 11,700ರ ಸುಮಾರು. ಕೆಳಗೆ ಕುಸಿದ ಮುದ್ದೆ ದಿಬ್ಬ ಹತ್ತಲಿಲ್ಲ. ಆದರೆ ಅದು ಎಬ್ಬಿಸಿದ ಕೆಸರಿನ ಮೋಡ ಹತ್ತಿತ್ತು. ಒಂದೇ ದಿನ ನಡೆದದ್ದನ್ನು ಎರಡು ಕೋರ್‌ಗಳು ಎರಡು ಬಗೆಯಲ್ಲಿ ಬರೆದಿಟ್ಟುಕೊಂಡಿದ್ದವು. ಇಂಥ ಮೋಡಕ್ಕೆ ಎಷ್ಟು ಬಲ ಎನ್ನುವುದು ತಿಳಿದದ್ದೇ ಒಂದು ಅವಘಡದಿಂದ. 1929ರ ನವೆಂಬರ್ 18ರಂದು ಕೆನಡಾದ ಪೂರ್ವ ಕರಾವಳಿಯಾಚೆಯ ಗ್ರ್ಯಾಂಡ್ ಬ್ಯಾಂಕ್ಸ್ ಹತ್ತಿರ ಭೂಕಂಪವಾದಾಗ ಕಡಲಡಿಯ 12 ಟೆಲಿಗ್ರಾಫ್ ಕೇಬಲ್‌ಗಳು ತುಂಡಾದವು. ಇಳಿಜಾರಿನ ಕೆಳಗಿನವು ಒಂದಾದ ಮೇಲೊಂದು, ಗಂಟೆಗಳ ಅಂತರದಲ್ಲಿ. ಕೆಸರಿನ ಪ್ರವಾಹ ಓಡಿ ಅವನ್ನು ಕಡಿಯಿತು ಎಂದು 1952ರಲ್ಲಿ ಹೀಜನ್ ಮತ್ತು ಮಾರಿಸ್ ಯೂಯಿಂಗ್ ವಿವರಿಸಿದರು.

ನಮ್ಮ ಕುಸಿತ ಭೂಕಂಪದಿಂದಲೇ ಆಯಿತು ಎಂದು ನಾವು ಬರೆಯಲಿಲ್ಲ. ಒಂದು ಕುಸಿತದಿಂದ ಹಾಗೆ ಹೇಳುವಂತಿಲ್ಲ. ದೂರ ದೂರದ ಇಳಿಜಾರುಗಳು ಒಟ್ಟಿಗೇ ಕುಸಿದದ್ದು ಕಂಡರೆ ಆ ಮಾತಿಗೆ ಬಲ.

ಆಮೇಲೆ ಬದಲಾದದ್ದು

ಎಲ್ಲಕ್ಕಿಂತ ಮುಖ್ಯ ಬದಲಾವಣೆ ಕ್ರಮದಲ್ಲಿ ಆಯಿತು. ಈಗ ಮೊದಲು ಸ್ಕ್ಯಾನ್, ಆಮೇಲೆ ವಯಸ್ಸು. ಚೂಪಾದ ಗೆರೆ ಕಂಡರೆ ಅದರ ಮೇಲೊಂದು, ಕೆಳಗೊಂದು ಮಾದರಿ ತೆಗೆಯುತ್ತೇವೆ. ಸಮ ದೂರದಲ್ಲಿ ಆರಿಸುವ ಅಭ್ಯಾಸ ಬಿಟ್ಟೆವು. ತಳದಲ್ಲಿ ಬದುಕುವ ಫೊರಾಮ್‌ಗಳನ್ನು ಯಾವಾಗಲೂ ಎಣಿಸುತ್ತೇವೆ. ಹವಾಮಾನ ಹೇಳಲಿ ಎಂದಲ್ಲ, ಕೆಸರು ಎಲ್ಲಿಯದು ಎಂದು ತಿಳಿಯಲು. ಸಿಟಿಡಿ ಇಳಿಸಲಾಗದ ರಾತ್ರಿಯ ಪಟ್ಟಿಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸುತ್ತೇವೆ. ಅಲ್ಲಿ ನುಣುಪು ಕಂಡರೆ ನಂಬುವ ಮೊದಲು ಕಚ್ಚಾ ಅಳತೆ ತೆಗೆದು ನೋಡುತ್ತೇವೆ.

ವಯಸ್ಸುಗಳ ಪಟ್ಟಿಯಲ್ಲಿ ಈಗ ಎಲ್ಲವೂ ಇರುತ್ತವೆ, ಬಿಟ್ಟವೂ ಸೇರಿ. ಬಿಟ್ಟ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು. "ಕೆಟ್ಟಿದೆ" ಎನ್ನುವುದು ಕಾರಣವಲ್ಲ. ಹೇಗೆ ಕೆಟ್ಟಿತು ಎಂದು ಬರೆಯಲು ಆಗದಿದ್ದರೆ ಆ ವಯಸ್ಸು ಲೆಕ್ಕದಲ್ಲೇ ಉಳಿಯುತ್ತದೆ.

ಸಮ್ಮೇಳನಕ್ಕೆ ಕಳಿಸಿದ್ದ ಸಾರಾಂಶವನ್ನು ಹಿಂದಕ್ಕೆ ತೆಗೆದುಕೊಂಡೆವು. ಕೊನೆಗೆ ಬರೆದ ಲೇಖನದಲ್ಲಿ ಎರಡೂ ಕೋರ್‌ಗಳಿವೆ. ಎಲ್ಫಿಡಿಯಮ್ ಗುರುತಿಸಿದವರ ಹೆಸರು ಅದರಲ್ಲಿ ಮೊದಲಿದೆ.

30 ಮೀಟರಿನ ನಕ್ಷೆಯಲ್ಲಿ ಲಾಳದಾಕಾರದ ಅಂಚಿನ ಪಕ್ಕ, ಇನ್ನೂ ಕುಸಿಯದ ಕೆಸರಿನ ಮೇಲೆ, ಅದಕ್ಕೆ ಸಮಾನಾಂತರವಾಗಿ ಒಂದು ತೆಳುವಾದ ಗೆರೆ ಕಾಣುತ್ತದೆ. ಅದೂ ಎರಡು ಪಟ್ಟಿ ಸೇರುವ ಕಡೆಯೇ ಇದೆ. ಸೋನಾರಿನ ದೋಷವೋ, ಮುಂದೆ ಕುಸಿಯಲಿರುವ ಬಿರುಕೋ ತಿಳಿಯಬೇಕು. ಮುಂದಿನ ಯಾನದಲ್ಲಿ ಮೊದಲು ಸಿಟಿಡಿ ಇಳಿಸುತ್ತೇವೆ. ಆಮೇಲೆ ಮೊದಲ ಪಟ್ಟಿಯನ್ನು, ಆ ಗೆರೆ ನೇರ ಹಡಗಿನ ಕೆಳಗೆ ಬರುವಂತೆ, ಅದರ ಮೇಲೆಯೇ ಓಡಿಸುತ್ತೇವೆ.